ಮುಚ್ಚಿದ ಬಾಲ್ಕನಿಯಲ್ಲಿ ಬೇಸಿಗೆ ಸಂಜೆಯ ಕೂಟ: ಯಾವುದು ಇರಲಿ, ಯಾವುದು ಬೇಡ

ಗಾಜು ಹಾಕಿಸಿದ ಬಾಲ್ಕನಿ ಇದ್ದರೆ ಅನುಕೂಲ ಜಾಸ್ತಿ. ಮಳೆ, ಧೂಳು, ಪಾರಿವಾಳದ ಕಾಟ ತಪ್ಪುತ್ತದೆ. ದಿಂಬು, ದೀಪ, ಜಮಖಾನ ಎಲ್ಲವನ್ನೂ ಅಲ್ಲೇ ಬಿಟ್ಟು ಬರಬಹುದು. ಸಂಜೆ ನಾಲ್ಕು ಜನ ಕೂತು ಹರಟೆ ಹೊಡೆಯೋಕೆ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬೇಸಿಗೆಯಲ್ಲಿ ಮಾತ್ರ ಅದೇ ಗಾಜು ನಮಗೆ ತಿರುಗಿ ಬೀಳುತ್ತದೆ. ಬಿಸಿಲು ಗಾಜಿನ ಮೂಲಕ ಸಲೀಸಾಗಿ ಒಳಗೆ ಬರುತ್ತದೆ. ಅದರಿಂದ ಕಾದ ನೆಲ, ಗೋಡೆ, ಕುರ್ಚಿಗಳ ಶಾಖ ಅಷ್ಟು ಸಲೀಸಾಗಿ ಹೊರಗೆ ಹೋಗುವುದಿಲ್ಲ. ಸೂರ್ಯ ಮುಳುಗಿ ಹೊರಗೆ ತಂಗಾಳಿ ಬೀಸುತ್ತಿದ್ದರೂ ಬಾಲ್ಕನಿಯ ಒಳಗೆ ಇನ್ನೂ ಧಗೆ ಇರುತ್ತದೆ.

ಬಾಲ್ಕನಿ ಅಲಂಕಾರ ಅಂದ ತಕ್ಷಣ ದೀಪದ ಸರ, ಬಣ್ಣದ ದಿಂಬು, ಹೂಕುಂಡ ಹುಡುಕೋಕೆ ಶುರು ಮಾಡುತ್ತೇವೆ. ಈ ಕ್ರಮ ಬದಲಾಗಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಮೊದಲು ನೆರಳು ಮತ್ತು ಗಾಳಿ, ಆಮೇಲೆ ಬೆಳಕು, ಆಮೇಲೆ ಕೂರುವ ಏರ್ಪಾಡು, ಕೊನೆಗೆ ಉಳಿದ ಚೆಂದ. ಯಾವುದೇ ವಸ್ತು ತರುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಬಿಸಿ ಹೆಚ್ಚಿಸುತ್ತದಾ? ಗಾಳಿಗೆ ಅಡ್ಡ ನಿಲ್ಲುತ್ತದಾ? ಕಾಲಿಡುವ ಜಾಗ ತಿಂದು ಹಾಕುತ್ತದಾ? ಕೆಳಗಿನ ಹೋಲಿಕೆಗಳೆಲ್ಲ ಈ ಮೂರು ಪ್ರಶ್ನೆಗಳ ಮೇಲೇ ನಿಂತಿವೆ.

ಬಿಸಿಯ ಲೆಕ್ಕ

ಸುಮ್ನೆ ಕೂತಿರುವ ಒಬ್ಬ ದೊಡ್ಡವರ ಮೈಯಿಂದ ಹೊರಬರುವ ಶಾಖ ಸುಮಾರು 100 ವ್ಯಾಟ್. ಎಂಟು ಜನ ಸೇರಿದರೆ 800 ವ್ಯಾಟ್. ಒಂದು ಪುಟ್ಟ ರೂಮ್ ಹೀಟರ್ ಹಚ್ಚಿಟ್ಟಷ್ಟು ಬಿಸಿ ಅದು. ಜೊತೆಗೆ ಎಲ್ಲರ ಉಸಿರಿನಿಂದ, ಬೆವರಿನಿಂದ ನೀರಾವಿಯೂ ಸೇರುತ್ತಲೇ ಇರುತ್ತದೆ. ಇದು ತಪ್ಪಿಸಲಾಗದ ಬಿಸಿ. ಅತಿಥಿಗಳನ್ನು ಕರೆದಿದ್ದೇ ಬರಲಿ ಅಂತ ತಾನೆ.

ತಪ್ಪಿಸಬಹುದಾದ ಬಿಸಿ ಬೇರೆ ಇದೆ. ಉರಿಯುವ ಒಂದು ಮೇಣದಬತ್ತಿ 70ರಿಂದ 80 ವ್ಯಾಟ್ ಶಾಖ ಕೊಡುತ್ತದೆ. ಚಿಕ್ಕ ಟೀಲೈಟ್ ಬತ್ತಿಯಾದರೆ ಸುಮಾರು ಅದರ ಅರ್ಧ. ಚೆಂದಕ್ಕೆ ಅಂತ ಹತ್ತು ಟೀಲೈಟ್ ಹಚ್ಚಿದರೆ ಮೂರು ನಾಲ್ಕು ಜನ ಹೆಚ್ಚಿಗೆ ಬಂದು ಕೂತಂತೆ. ಹಳೆಯ ಕಾಲದ 40 ವ್ಯಾಟ್ ತಂತಿ ಬಲ್ಬಿನ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಬಿಸಿಯಾಗಿಯೇ ಹೋಗುತ್ತದೆ. ಅಷ್ಟೇ ಬೆಳಕನ್ನು 4–5 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಇವೆಲ್ಲಕ್ಕಿಂತ ದೊಡ್ಡದು ಬಿಸಿಲು. ಪಶ್ಚಿಮಕ್ಕೆ ಮುಖ ಮಾಡಿದ ಗಾಜಿನ ಮೇಲೆ ಸಂಜೆಯ ಓರೆ ಬಿಸಿಲು ನೇರವಾಗಿ ಬಿದ್ದರೆ, ಒಂದೊಂದು ಚದರ ಮೀಟರಿಗೂ 500 ವ್ಯಾಟ್ ದಾಟಬಹುದು. ನಾಲ್ಕು ಚದರ ಮೀಟರ್ ಗಾಜು ಇದ್ದರೆ ಎಷ್ಟಾಯಿತು ನೋಡಿ. ಅದಕ್ಕೇ ನೆರಳಿಗೆ ಖರ್ಚು ಮಾಡಿದ ಹಣ ಉಳಿದ ಯಾವ ಅಲಂಕಾರಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ನೆರಳು: ಗಾಜಿನ ಹೊರಗೋ ಒಳಗೋ?

ಇಲ್ಲಿ ನನಗೆ ಅನುಮಾನವೇ ಇಲ್ಲ. ಸಾಧ್ಯವಿದ್ದರೆ ಹೊರಗೆ. ಗಾಜಿನ ಹೊರಗೆ ಕಟ್ಟಿದ ಬಿದಿರಿನ ಪರದೆ ಬಿಸಿಲನ್ನು ಗಾಜು ಮುಟ್ಟುವ ಮೊದಲೇ ತಡೆಯುತ್ತದೆ. ಪರದೆ ಕಾದರೂ ಆ ಬಿಸಿ ಹೊರಗಿನ ಗಾಳಿಗೇ ಹೋಗುತ್ತದೆ. ಒಳಗೆ ಹಾಕಿದ ಪರದೆ ತಡೆಯುವ ಹೊತ್ತಿಗೆ ಬಿಸಿಲು ಆಗಲೇ ಗಾಜು ದಾಟಿರುತ್ತದೆ. ಪರದೆ ಕಾಯುತ್ತದೆ, ಕಾದ ಪರದೆ ಬಾಲ್ಕನಿಯ ಗಾಳಿಯನ್ನೇ ಕಾಯಿಸುತ್ತದೆ.

ಹೊರಗಿನ ಆಯ್ಕೆಗಳಲ್ಲಿ ಬಿದಿರಿನ ಸುರುಳಿ ಪರದೆ ನನಗೆ ಮೊದಲನೆಯದು. ಕಡ್ಡಿಗಳ ಸಂದಿನಿಂದ ಗಾಳಿ ಆಡುತ್ತದೆ, ಸಂಜೆಯ ಬೆಳಕು ಗೆರೆ ಗೆರೆಯಾಗಿ ಒಳಗೆ ಬೀಳುತ್ತದೆ. ಆ ಬೆಳಕಿಗಿಂತ ಒಳ್ಳೆಯ ಅಲಂಕಾರ ನನಗೆ ಗೊತ್ತಿಲ್ಲ. ಒಂದು ಕೆಲಸ ಮಾತ್ರ ಮರೆಯಬೇಡಿ. ಪರದೆಯ ಕೆಳಗಿನ ಕೋಲಿಗೆ ಎರಡೂ ತುದಿಯಲ್ಲಿ ದಾರ ಕಟ್ಟಿ, ಕಂಬಿಗೆ ಗಂಟು ಹಾಕಿ. ಕಟ್ಟದೇ ಬಿಟ್ಟರೆ ಗಾಳಿ ಬಂದಾಗೆಲ್ಲ ಗಾಜಿಗೆ ಬಡಿದು ಸದ್ದು ಮಾಡುತ್ತದೆ, ಮಾತು ಮಧ್ಯೆ ಮಧ್ಯೆ ನಿಲ್ಲುತ್ತದೆ. ತೋಟಕ್ಕೆ ಬಳಸುವ ನೆರಳು ಬಲೆ ಅಗ್ಗ, ಹಗುರ. ನೂರಕ್ಕೆ 50, 75, 90 ಹೀಗೆ ಬೇರೆ ಬೇರೆ ದಟ್ಟಣೆಯಲ್ಲಿ ಸಿಗುತ್ತದೆ. ಗಿಡಗಳೂ ಇದ್ದರೆ 50 ಸಾಕು, ಪಶ್ಚಿಮದ ಬಿಸಿಲಿಗೆ 75 ಒಳ್ಳೆಯದು. 90 ಹಾಕಿದರೆ ಗಾಳಿಯೂ ಕಡಿಮೆಯಾಗುತ್ತದೆ, ಬಾಲ್ಕನಿ ಮಂಕಾಗುತ್ತದೆ.

ಹೊರಗೆ ಏನೂ ಕಟ್ಟಬಾರದು ಅಂತ ಕಟ್ಟಡದ ನಿಯಮ ಇದ್ದರೆ ಒಳಗಿನ ಪರದೆಯೇ ಗತಿ. ಆಗ ಗಾಜಿನ ಕಡೆಗೆ ಬಿಳಿ ಬಣ್ಣ ಇರುವ ರೋಲರ್ ಬ್ಲೈಂಡ್ ಆರಿಸಿ. ಬಿಳಿ ಬಣ್ಣ ಒಂದಿಷ್ಟು ಬಿಸಿಲನ್ನು ಗಾಜಿನಿಂದಲೇ ವಾಪಸ್ ಕಳಿಸುತ್ತದೆ. ಕಡು ಬಣ್ಣದ ದಪ್ಪ ಪರದೆ ನೋಡೋಕೆ ಗಂಭೀರವಾಗಿ ಕಂಡರೂ ಬಿಸಿಯನ್ನೆಲ್ಲ ಹೀರಿ ಒಳಗೇ ಬಿಡುತ್ತದೆ. ಗಾಜಿಗೆ ಅಂಟಿಸುವ ಫಿಲ್ಮ್ ಇನ್ನೊಂದು ದಾರಿ. ಅದು ಹಗಲಿನ ಬಿಸಿಲಿಗೆ ಒಳ್ಳೆಯದು. ಆದರೆ ಎರಡು ಪದರದ ಗಾಜಿಗೆ ಬಿಸಿ ಹೀರುವ ಫಿಲ್ಮ್ ಹಾಕಿದರೆ ಗಾಜು ಕಾದು ಬಿರುಕು ಬಿಡುವ ಸಾಧ್ಯತೆ ಇದೆ. ಗಾಜು ಹಾಕಿದವರನ್ನು ಕೇಳಿಯೇ ಹಾಕಿಸಿ.

ಯಾವ ಪರದೆಯಾದರೂ ಇಳಿಸುವ ಹೊತ್ತು ಮುಖ್ಯ. ಪಶ್ಚಿಮದ ಬಾಲ್ಕನಿಯಲ್ಲಿ ಮಧ್ಯಾಹ್ನವೇ ಇಳಿಸಬೇಕು. ಸಂಜೆ ಐದಕ್ಕೆ ಇಳಿಸಿದರೆ ಅಷ್ಟರಲ್ಲಿ ನೆಲದ ಟೈಲ್ಸ್, ಗೋಡೆಯ ಕಾಂಕ್ರೀಟು ಬಿಸಿ ಕುಡಿದಿರುತ್ತವೆ, ರಾತ್ರಿಯವರೆಗೂ ಅದನ್ನು ಬಿಡುತ್ತಲೇ ಇರುತ್ತವೆ. ಬಂದವರನ್ನು ಕೂರಿಸುವ ಮೊದಲು ಗೋಡೆಗೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಇನ್ನೊಂದು ಗಂಟೆ ತಡೆಯುವುದು ಒಳ್ಳೆಯದು. ಪೂರ್ವದ ಬಾಲ್ಕನಿ ಇದ್ದವರು ಈ ವಿಷಯದಲ್ಲಿ ಅದೃಷ್ಟವಂತರು. ಮಧ್ಯಾಹ್ನದಿಂದಲೇ ತಣಿಯಲು ಶುರುವಾಗಿರುತ್ತದೆ, ಆರು ಗಂಟೆಗೇ ಜನರನ್ನು ಕರೆಯಬಹುದು.

ಗಾಳಿ: ತೆರೆದಿಡುವುದು, ಫ್ಯಾನ್, ಕೂಲರ್, ಎಸಿ

ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಾದ ಕ್ಷಣವೇ ಗಾಜು ಸರಿಸಿ. ಇದಕ್ಕೆ ಸಮನಾದ ಉಪಾಯ ಬೇರೆ ಇಲ್ಲ. ಎಷ್ಟು ಗಾಜು ತೆರೆಯುತ್ತದೆ ಅನ್ನುವುದು ಕಿಟಕಿಯ ಮಾದರಿ ಮೇಲೆ ನಿಂತಿದೆ. ಎರಡು ಟ್ರ್ಯಾಕಿನ ಸ್ಲೈಡಿಂಗ್ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ. ಮೂರು ಟ್ರ್ಯಾಕಿನದು, ಒಂದರಲ್ಲಿ ಜಾಲರಿ ಇಲ್ಲದೆ ಮೂರೂ ಗಾಜೇ ಆದರೆ, ಮೂರರಲ್ಲಿ ಎರಡು ಭಾಗ ತೆರೆಯುತ್ತದೆ. ಮಡಚುವ ಮಾದರಿ ಹೆಚ್ಚುಕಡಿಮೆ ಪೂರ್ತಿ ತೆರೆಯುತ್ತದೆ. ಇನ್ನೂ ಗಾಜು ಹಾಕಿಸದೇ ಇರುವವರು, ಸಂಜೆ ಕೂರುವುದೇ ಮುಖ್ಯ ಉದ್ದೇಶವಾಗಿದ್ದರೆ ಮಡಚುವ ಮಾದರಿಯನ್ನೇ ನೋಡಿ. ಖರ್ಚು ಜಾಸ್ತಿ, ಕೀಲುಗಳ ಆರೈಕೆಯೂ ಜಾಸ್ತಿ. ಆದರೂ ಬೇಸಿಗೆಯಲ್ಲಿ ಅದರ ಬೆಲೆ ತಿಳಿಯುತ್ತದೆ.

ಗಾಜು ತೆರೆದರೂ ಗಾಳಿ ಬರುತ್ತಿಲ್ಲ ಅನ್ನುವವರು ಮನೆಯ ಇನ್ನೊಂದು ಬದಿಯ ಕಿಟಕಿ ನೋಡಿ. ಗಾಳಿ ಬರೋಕೆ ಒಂದು ದಾರಿ ಬೇಕು, ಹೋಗೋಕೆ ಇನ್ನೊಂದು ಬೇಕು. ಬಾಲ್ಕನಿಯ ಬಾಗಿಲು, ಎದುರು ಕಿಟಕಿ ಎರಡೂ ತೆರೆದರೆ ಗಾಳಿ ತಾನಾಗಿ ಹಾಯುತ್ತದೆ. ಸೊಳ್ಳೆ ಜಾಲರಿ ಇದ್ದರೆ ಕೂಟದ ಹಿಂದಿನ ದಿನ ಒದ್ದೆ ಸ್ಪಂಜಿನಿಂದ ಒರೆಸಿ. ಜಾಲರಿಯ ಸಣ್ಣ ಕಣ್ಣುಗಳಲ್ಲಿ ಧೂಳು ಕೂತರೆ ಗಾಳಿ ಅರ್ಧಕ್ಕರ್ಧ ಸತ್ತುಹೋಗುತ್ತದೆ. ಒರೆಸಿದ ಸ್ಪಂಜು ಕಪ್ಪಗಾಗುವುದು ನೋಡಿದರೆ ಇಷ್ಟು ದಿನ ಯಾಕೆ ಗಾಳಿ ಬರುತ್ತಿರಲಿಲ್ಲ ಅಂತ ಗೊತ್ತಾಗುತ್ತದೆ.

ಫ್ಯಾನುಗಳಲ್ಲಿ ನನ್ನ ಆಯ್ಕೆ ಗೋಡೆಗೆ ಹಾಕುವ, ಆ ಕಡೆ ಈ ಕಡೆ ತಿರುಗುವ ಫ್ಯಾನ್. ಅದು ನೆಲದ ಜಾಗ ತಿನ್ನುವುದಿಲ್ಲ, ಉದ್ದನೆಯ ಬಾಲ್ಕನಿಯಲ್ಲಿ ಎಲ್ಲರಿಗೂ ಸರದಿಯಂತೆ ಗಾಳಿ ಕೊಡುತ್ತದೆ. ಸೀಲಿಂಗ್ ಫ್ಯಾನ್ ಚೆನ್ನಾಗಿದೆ. ಆದರೆ ರೆಕ್ಕೆ ನೆಲದಿಂದ ಕನಿಷ್ಠ 7 ಅಡಿ ಮೇಲಿರಬೇಕು, ಕಿರಿದಾದ ಬಾಲ್ಕನಿಯಲ್ಲಿ ಅದು ಗೋಡೆ, ಪರದೆಗಳಿಗೆ ತಾಗುವ ಭಯ ಇದ್ದೇ ಇರುತ್ತದೆ. ನಿಲ್ಲಿಸುವ ಫ್ಯಾನ್ ಕೊನೆಯ ಆಯ್ಕೆಯಾಗಿರಲಿ. ಅದರ ಬುಡ ಒಂದೂವರೆ ಅಡಿ ಜಾಗ ತಿನ್ನುತ್ತದೆ, ವೈರು ಕಾಲಿಗೆ ಸಿಗುತ್ತದೆ. ಒಂದು ಮಾತು ನೆನಪಿರಲಿ: ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಮೈಯ ಬೆವರನ್ನು ಬೇಗ ಆರಿಸುತ್ತದೆ. ಹಾಗಾಗಿ ಜನ ಕೂರುವ ಕಡೆಗೆ ಅದು ತಿರುಗಿರಬೇಕು. ಖಾಲಿ ಮೂಲೆಗೆ ಬೀಸುವ ಫ್ಯಾನಿನಿಂದ ಯಾರಿಗೂ ಉಪಯೋಗ ಇಲ್ಲ.

ಫ್ಯಾನಿನ ಮುಂದೆ ಐಸ್ ಇಡುವ ಸಲಹೆ ತುಂಬ ಕಡೆ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡೋಣ. ಒಂದು ಕೆಜಿ ಐಸ್ ಕರಗುವಾಗ ಸುಮಾರು 334 ಕಿಲೋಜೌಲ್ ಶಾಖ ಹೀರುತ್ತದೆ. ಕೂತ ಒಬ್ಬ ಮನುಷ್ಯ ಒಂದು ಗಂಟೆಯಲ್ಲಿ ಬಿಡುವ ಶಾಖ 360 ಕಿಲೋಜೌಲ್. ಅಂದರೆ ಒಂದು ಕೆಜಿ ಐಸು ಒಬ್ಬರ ಒಂದು ಗಂಟೆಯ ಬಿಸಿಗೂ ಸಾಲದು. ಎಂಟು ಜನ ನಾಲ್ಕು ಗಂಟೆ ಕೂತರೆ 34 ಕೆಜಿಗಿಂತ ಹೆಚ್ಚು ಬೇಕು. ಆ ಐಸನ್ನು ಕುಡಿಯುವ ಲೋಟಕ್ಕೆ ಹಾಕಿ, ಎಲ್ಲರಿಗೂ ಖುಷಿಯಾಗುತ್ತದೆ.

ನೀರಿನ ಕೂಲರ್ ಒಣ ಹವೆಯಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಗಾಜು ತೆರೆದಿದ್ದರೆ ಮಾತ್ರ. ಗಾಜು ಮುಚ್ಚಿ ಕೂಲರ್ ಹಾಕಿದರೆ ತೇವ ಹೊರಗೆ ಹೋಗದೆ ಮೈಯೆಲ್ಲ ಅಂಟಂಟಾಗುತ್ತದೆ. ನೆಲಕ್ಕೆ ನೀರು ಚಿಮುಕಿಸುವುದಕ್ಕೂ ಇದೇ ಮಾತು. ಜನ ಬರುವ ಒಂದು ಗಂಟೆ ಮೊದಲು, ಗಾಜು ಪೂರ್ತಿ ತೆರೆದು ಮಾಡಿದರೆ ನೆಲ ತಣಿಯುತ್ತದೆ. ಸೆಕೆ ಮತ್ತು ತೇವ ಎರಡೂ ಇರುವ ಊರಿನಲ್ಲಿ ಇವೆರಡನ್ನೂ ಬಿಟ್ಟು ಫ್ಯಾನನ್ನೇ ನಂಬಿ.

ಒಳಗಿನ ಎಸಿ ಹಾಕಿ ಬಾಲ್ಕನಿಯ ಬಾಗಿಲು ತೆಗೆದಿಡುವುದು ಸುಲಭ ಅನ್ನಿಸುತ್ತದೆ. ತೆಳು ಗಾಜಿನ ಬಾಲ್ಕನಿಯನ್ನು ತಣ್ಣಗೆ ಮಾಡೋಕೆ ಆ ಎಸಿ ನಿಲ್ಲದೇ ಓಡುತ್ತದೆ, ಒಳಗೂ ತಂಪಿಲ್ಲ, ಹೊರಗೂ ತಂಪಿಲ್ಲ. ನನಗೆ ಸರಿ ಅನ್ನಿಸಿದ್ದು ಇದು: ಬಾಲ್ಕನಿಯ ಗಾಜು ತೆರೆದು ಫ್ಯಾನ್ ಹಾಕಿ, ಒಳಗಿನ ಒಂದು ಕೋಣೆಯನ್ನು ಎಸಿ ಹಾಕಿ ಮುಚ್ಚಿಡಿ. ಸೆಕೆ ತಡೆಯದ ಹಿರಿಯರು, ಮಕ್ಕಳು ಸ್ವಲ್ಪ ಹೊತ್ತು ಅಲ್ಲಿ ಕೂತು ಬರಬಹುದು. ರಾತ್ರಿಯೂ ಹೊರಗೆ ಬಿಸಿಗಾಳಿಯೇ ಬೀಸುತ್ತಿದ್ದರೆ ಆ ದಿನ ಬಾಲ್ಕನಿಯ ಆಸೆ ಬಿಟ್ಟು ಒಳಗೇ ಕೂರಿ.

ಒಂದು ವಿಷಯದಲ್ಲಿ ಹೋಲಿಕೆಯೇ ಇಲ್ಲ. ಮುಚ್ಚಿದ ಬಾಲ್ಕನಿಯಲ್ಲಿ ಇದ್ದಿಲಿನ ಒಲೆ, ಗ್ರಿಲ್ ಯಾವುದೂ ಬೇಡ. ಗಾಜು ಅರ್ಧ ತೆರೆದಿದ್ದರೂ ಬೇಡ. ಇದ್ದಿಲು ಉರಿಯುವಾಗ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಂತಿ ಶುರುವಾಗುವ ಹೊತ್ತಿಗೆ ಅದು ರಕ್ತ ಸೇರಿರುತ್ತದೆ, ಜೀವಕ್ಕೇ ಅಪಾಯ.

ಬೆಳಕು: ಮೇಲಿಂದ ಬೇಡ, ಕೆಳಗಿಂದ ಇರಲಿ

ಗಾಜಿನ ಬಾಲ್ಕನಿಗೆ ಬೆಳಕು ಆರಿಸುವಾಗ ತೆರೆದ ಬಾಲ್ಕನಿಯ ನಿಯಮ ನಡೆಯುವುದಿಲ್ಲ. ಒಳಗೆ ಬೆಳಕು ಜಾಸ್ತಿ, ಹೊರಗೆ ಕತ್ತಲೆ ಇದ್ದರೆ ಗಾಜು ಕನ್ನಡಿಯಾಗುತ್ತದೆ. ಸೀಲಿಂಗಿನ ದೊಡ್ಡ ದೀಪ ಹಾಕಿದಿರೋ, ಆಕಾಶ, ಮರ, ದೂರದ ದೀಪಗಳು ಎಲ್ಲ ಮಾಯ. ನಿಮ್ಮ ಮುಖ, ನಿಮ್ಮ ಕುರ್ಚಿ, ಬಟ್ಟೆ ಒಣಗಿಸುವ ಹಗ್ಗ ಇಷ್ಟೇ ಗಾಜಿನಲ್ಲಿ ಕಾಣುತ್ತವೆ. ಆ ದೊಡ್ಡ ದೀಪ ಆಫ್ ಮಾಡಿ, ಕೂತವರ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಸಣ್ಣ ದೀಪಗಳನ್ನು ಇಟ್ಟು ನೋಡಿ. ಹೊರಗಿನ ರಾತ್ರಿ ವಾಪಸ್ ಬರುತ್ತದೆ.

ಹಾಗಾಗಿ ದೀಪದ ಸರವನ್ನು ಎಲ್ಲರೂ ಕಟ್ಟುವಂತೆ ಗಾಜಿನ ಮೇಲಂಚಿಗೆ ಕಟ್ಟಬೇಡಿ. ಗಾಜಿನಲ್ಲಿ ಪ್ರತಿಯೊಂದು ಬಲ್ಬೂ ಎರಡೆರಡಾಗಿ ಕಂಡು ಕಣ್ಣಿಗೆ ಚುಚ್ಚುತ್ತದೆ. ಕಂಬಿಯ ಬುಡದಲ್ಲಿ, ಕುಂಡಗಳ ಹಿಂದೆ, ಬೆಂಚಿನ ಅಡಿಯಲ್ಲಿ ಸರ ಹಾಯಿಸಿ. ಬಲ್ಬು ಕಾಣಬಾರದು, ಅದರ ಬೆಳಕು ಮಾತ್ರ ಗೋಡೆ, ಎಲೆ, ನೆಲದ ಮೇಲೆ ಬೀಳಬೇಕು. ಮೇಲೆ ಕಟ್ಟಲೇಬೇಕು ಅಂದರೆ ಮನೆಯ ಗೋಡೆಯ ಕಡೆ, ಬಾಗಿಲ ಮೇಲೆ ಕಟ್ಟಿ.

ಬಣ್ಣದ ವಿಷಯದಲ್ಲಿ ಪೆಟ್ಟಿಗೆಯ ಮೇಲೆ ಕೆಲ್ವಿನ್ ಸಂಖ್ಯೆ ನೋಡಿ. 2700 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬೆಚ್ಚಗಿನ ಹಳದಿ. 4000 ದಾಟಿದರೆ ಆಫೀಸಿನ ಬಿಳಿ, 6500 ಇದ್ದರೆ ನೀಲಿ ಬೆರೆತ ಬಿಳಿ. ಹುಳುಗಳು ನೀಲಿ ಮತ್ತು ಅತಿನೇರಳೆ ಬೆಳಕಿಗೆ ಹೆಚ್ಚು ಬರುತ್ತವೆ, ಹಳದಿಗೆ ಕಡಿಮೆ. ಗಾಜು ತೆರೆದು ಕೂರುವವರಿಗೆ ಇದೊಂದೇ ಕಾರಣ ಸಾಕು ಹಳದಿ ಆರಿಸೋಕೆ.

ಸರಗಳಲ್ಲಿ ಮೂರು ಬಗೆ ಸಿಗುತ್ತದೆ: ಪ್ಲಗ್ಗಿನದು, ಸೋಲಾರಿನದು, ಯುಎಸ್‌ಬಿಯದು. ಸೋಲಾರ್ ಸರದ ಫಲಕ ಗಾಜಿನ ಒಳಗಿದ್ದರೆ, ಅದರಲ್ಲೂ ಪರದೆ ಇಳಿಸಿದ್ದರೆ, ಸರಿಯಾಗಿ ಚಾರ್ಜ್ ಆಗುವುದಿಲ್ಲ. ಊಟದ ಮಧ್ಯೆ ದೀಪ ಮಂಕಾಗುತ್ತದೆ. ಪ್ಲಗ್ಗಿನದು ನಂಬಿಕಸ್ತ, ಆದರೆ ಹೆಚ್ಚಿನ ಬಾಲ್ಕನಿಗಳಲ್ಲಿ ಪ್ಲಗ್ ಇರುವುದೇ ಒಂದು, ಅದು ಫ್ಯಾನಿಗೆ ಬೇಕು. ನಾನು ಯುಎಸ್‌ಬಿ ಸರವನ್ನೇ ಹೇಳುತ್ತೇನೆ. 10,000 ಎಂಎಎಚ್‌ ಪವರ್ ಬ್ಯಾಂಕಿನಲ್ಲಿ ಸುಮಾರು 37 ವ್ಯಾಟ್-ಗಂಟೆ ವಿದ್ಯುತ್ ಇರುತ್ತದೆ. ಅದರಲ್ಲಿ ಸ್ವಲ್ಪ ಪೋಲಾದರೂ 3 ವ್ಯಾಟಿನ ಸರ ಇಡೀ ಸಂಜೆ ಉರಿಯುತ್ತದೆ. ವೈರು ನೆಲದ ಮೇಲೆ ಹಾಯಿಸುವ ಗೋಜೇ ಇಲ್ಲ, ಕರೆಂಟ್ ಹೋದರೂ ಬೆಳಕು ಹೋಗುವುದಿಲ್ಲ. ಗಾಜು ತೆರೆದಾಗ ಮಳೆಹನಿ ಬೀಳುವ ಜಾಗದಲ್ಲಿ ಹಾಕುವ ಸರವಾದರೆ, ನೀರು, ಧೂಳನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ ಗುರುತು ಐಪಿ44 ಅಥವಾ ಅದಕ್ಕಿಂತ ಹೆಚ್ಚು ಇರಲಿ. ಐಪಿ20 ಅಂದರೆ ಒಳಗೆ ಒಣ ಜಾಗಕ್ಕೆ ಮಾತ್ರ.

ನಿಜವಾದ ಮೇಣದಬತ್ತಿಯ ಬೆಳಕು ಸುಂದರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಸಿಯ ಲೆಕ್ಕ ಆಗಲೇ ನೋಡಿದೆವು. ಫ್ಯಾನ್ ಹಾಕಿದರೆ ಅದು ಆರುತ್ತದೆ, ಗಾಳಿಗೆ ಹಾರುವ ಪರದೆ ಪಕ್ಕದಲ್ಲೇ ಇರುತ್ತದೆ. ಫ್ಯಾನ್ ಬೇಕೋ, ಬತ್ತಿ ಬೇಕೋ ಅಂದರೆ ಬೇಸಿಗೆಯಲ್ಲಿ ಫ್ಯಾನೇ ಬೇಕು ಅಲ್ವಾ? ಬ್ಯಾಟರಿಯ ಬತ್ತಿಗಳನ್ನು ಮಸುಕು ಗಾಜಿನ ಲೋಟದೊಳಗೆ ಇಟ್ಟರೆ ಎರಡು ಹೆಜ್ಜೆ ದೂರದಿಂದ ವ್ಯತ್ಯಾಸ ಗೊತ್ತಾಗುವುದು ಕಷ್ಟ. ತಟ್ಟೆಯಲ್ಲಿ ಏನಿದೆ ಅಂತ ಕಾಣೋಕೆ ಮಾತ್ರ ಸ್ವಲ್ಪ ಗಟ್ಟಿ ಬೆಳಕು ಬೇಕಾಗುತ್ತದೆ. ಅದಕ್ಕೆ ಚಾರ್ಜ್ ಮಾಡುವ ಒಂದು ಟೇಬಲ್ ಲ್ಯಾಂಪ್ ಸಾಕು, ಊಟ ಆದ ಮೇಲೆ ಆರಿಸಿ.

ಕೂರುವುದು: ಬಾಲ್ಕನಿಯ ಅಗಲವೇ ತೀರ್ಮಾನ ಮಾಡುತ್ತದೆ

ಕುರ್ಚಿಯ ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ಬಾಲ್ಕನಿಯ ಅಗಲ ಅಳೆಯಿರಿ. ಉದ್ದ ಎಷ್ಟಿದ್ದರೂ ತೊಂದರೆ ಇಲ್ಲ, ಅಗಲವೇ ಎಲ್ಲ. ಕುರ್ಚಿಯಲ್ಲಿ ಕೂತ ಒಬ್ಬರಿಗೆ 2 ಅಡಿ ಅಗಲ, ಕಾಲು ಚಾಚುವುದೂ ಸೇರಿ 3 ಅಡಿ ಉದ್ದದ ಜಾಗ ಬೇಕು. ಅವರ ಮುಂದೆ ಇನ್ನೊಬ್ಬರು ದಾಟೋಕೆ ಕನಿಷ್ಠ ಒಂದೂವರೆ ಅಡಿ.

4 ಅಡಿ ಅಗಲದ ಬಾಲ್ಕನಿಯಲ್ಲಿ ಎದುರು ಬದುರು ಕುರ್ಚಿ ಹಾಕುವ ಆಲೋಚನೆಯೇ ಬೇಡ, ಮೊಣಕಾಲು ಮೊಣಕಾಲಿಗೆ ತಾಗುತ್ತದೆ. ಮನೆಯ ಗೋಡೆಗೆ ಅಂಟಿಸಿ ಒಂದೂವರೆ ಅಡಿ ಅಗಲದ ಉದ್ದ ಬೆಂಚು ಹಾಕಿ, ಎಲ್ಲರೂ ಹೊರಗೆ ನೋಡಿಕೊಂಡು ಕೂರುವಂತೆ ಮಾಡಿ. ಎರಡು ತುದಿಗಳಲ್ಲಿ ಮಾತ್ರ ಒಂದೊಂದು ಸ್ಟೂಲ್ ಇಟ್ಟರೆ ಅಲ್ಲಿ ಕೂತವರು ಬೆಂಚಿನವರ ಮುಖ ನೋಡಿ ಮಾತಾಡಬಹುದು. 5ರಿಂದ 6 ಅಡಿ ಇದ್ದರೆ ಒಂದು ಮೂಲೆ ಹಿಡಿದು ಎರಡು ಬೆಂಚುಗಳನ್ನು ಜೋಡಿಸಿ. ಮೂಲೆಯ ಎರಡು ಬದಿ ಕೂತವರ ಮುಖ ಓರೆಯಾಗಿ ಒಬ್ಬರಿಗೊಬ್ಬರು ಕಾಣುತ್ತದೆ, ಮಾತು ಸಲೀಸಾಗಿ ಸಾಗುತ್ತದೆ. 10 ಅಡಿ ಉದ್ದ, 5 ಅಡಿ ಅಗಲದ ಜಾಗದಲ್ಲಿ ಆರು ಜನ ಹಾಯಾಗಿ ಕೂರಬಹುದು. ಅದಕ್ಕಿಂತ ಜಾಸ್ತಿ ಜನರನ್ನು ಕರೆಯುವ ಆಸೆ ಇದ್ದರೆ ಒಳಗಿನ ಕೋಣೆಯನ್ನೂ ಸೇರಿಸಿಕೊಂಡು, ಬಂದು ಹೋಗುವ ಹಾಗೆ ಏರ್ಪಾಡು ಮಾಡಿ.

ಒಳಗೆ ಸಾಮಾನು ತುಂಬುವ ಬೆಂಚು ನನಗೆ ತುಂಬ ಇಷ್ಟ. ದಿಂಬು, ದೀಪದ ಸರ, ಮಡಚುವ ಟೇಬಲ್ ಎಲ್ಲ ಅದರ ಹೊಟ್ಟೆ ಸೇರುತ್ತವೆ. ಮಡಚುವ ಕುರ್ಚಿ ಇದಕ್ಕಿಂತ ಅಗ್ಗ, ಬೇಡದಾಗ ಗೋಡೆಗೆ ಒರಗಿಸಬಹುದು. ಆದರೆ ಎರಡು ಗಂಟೆಗಿಂತ ಹೆಚ್ಚು ಕೂತರೆ ಬೆನ್ನು ಹೇಳುತ್ತದೆ. ಬೀನ್ ಬ್ಯಾಗ್ ಚಳಿಗಾಲಕ್ಕೆ ಸರಿ, ಬೇಸಿಗೆಯಲ್ಲಿ ಬೆನ್ನು, ತೊಡೆ ಎರಡಕ್ಕೂ ಅಂಟಿಕೊಂಡು ಬೆವರಿಳಿಸುತ್ತದೆ. ನೆಲದ ಮೇಲೆ ಹಾಸಿಗೆ, ಒರಗುದಿಂಬು ಹಾಕಿದರೆ ಕಡಿಮೆ ಜಾಗದಲ್ಲಿ ಜಾಸ್ತಿ ಜನ ಕೂರಬಹುದು, ತಣ್ಣನೆಯ ಗಾಳಿಯೂ ಕೆಳಗೇ ಇರುತ್ತದೆ. ಮಂಡಿನೋವಿನವರಿಗೆ ಮಾತ್ರ ಅದು ಶಿಕ್ಷೆ. ನೆಲದ ಏರ್ಪಾಡು ಮಾಡಿದರೂ ಕೈ ಇರುವ ಎರಡು ಕುರ್ಚಿ ಬದಿಯಲ್ಲಿ ಇರಲಿ. ಯಾರೂ ಕೇಳಿ ತರಿಸಿಕೊಳ್ಳುವಂತೆ ಆಗಬಾರದು, ಹಿರಿಯರು ಕೇಳೋಕೆ ಸಂಕೋಚ ಪಡುತ್ತಾರೆ.

ಮಕ್ಕಳು ಬರುವ ಮನೆಯಾದರೆ ಬೆಂಚು, ಸ್ಟೂಲು, ದೊಡ್ಡ ಕುಂಡ ಯಾವುದನ್ನೂ ಕಂಬಿಯ ಪಕ್ಕ ಇಡಬೇಡಿ. ಗಾಜು ತೆರೆದಾಗ ಅದೇ ಮೆಟ್ಟಿಲಾಗುತ್ತದೆ. ಇದರಲ್ಲಿ ರಾಜಿ ಇಲ್ಲ.

ಬಟ್ಟೆ ಆರಿಸುವುದು ಸುಲಭ. ಮೈ ತಾಗುವ ಕಡೆ ಹತ್ತಿ, ಅದೂ ತಿಳಿ ಬಣ್ಣದ್ದು. ಬಿಸಿಲು ಬೀಳುವ ಕಡೆ ನೂಲಿಗೇ ಬಣ್ಣ ಬೆರೆತ ಅಕ್ರಿಲಿಕ್, ಬೇಗ ಮಾಸುವುದಿಲ್ಲ. ಗಾಜಿನ ಒಳಗಿದೆ ಅಂತ ನಂಬಿ ಕೂರಬೇಡಿ, ಬಣ್ಣ ಕೆಡಿಸುವ ಬಿಸಿಲು ಸಾಕಷ್ಟು ಒಳಗೆ ಬರುತ್ತದೆ. ನೆಲಕ್ಕೆ ಹತ್ತಿಯ ಜಮಖಾನ ಅಥವಾ ಚಾಪೆ. ಸೆಣಬಿನದು ಚೆಂದ, ಆದರೆ ಒಮ್ಮೆ ಒದ್ದೆಯಾದರೆ ಆರುವುದು ನಿಧಾನ, ಬೂಷ್ಟು ಹಿಡಿಯುತ್ತದೆ.

ಗಿಡ ಮತ್ತು ಸೊಳ್ಳೆ

ಎರಡನ್ನೂ ಒಟ್ಟಿಗೆ ಹೇಳೋಕೆ ಕಾರಣ ಇದೆ. ಕುಂಡದ ಅಡಿಯ ತಟ್ಟೆಯಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಟ್ಟರೆ, ಬೇಸಿಗೆಯಲ್ಲಿ ಒಂದು ವಾರ ಹತ್ತು ದಿನದಲ್ಲಿ ಹಾರುವ ಸೊಳ್ಳೆ ಸಿದ್ಧ. ವಾರಕ್ಕೊಮ್ಮೆ ತಟ್ಟೆ ಬರಿದು ಮಾಡಿ ಉಜ್ಜಿ ತೊಳೆಯುವವರು ಗಿಡ ಎಷ್ಟಾದರೂ ಇಡಿ. ಆಗದವರು ನಾಲ್ಕೇ ಗಿಡ ಇಟ್ಟರೂ ಸಾಕು.

ಹತ್ತಾರು ಚಿಕ್ಕ ಕುಂಡಗಳ ಬದಲು ಎರಡು ಮೂರು ದೊಡ್ಡ ಗಿಡ ನನಗೆ ಇಷ್ಟ. ನೋಡೋಕೂ ತುಂಬಿಕೊಂಡಿರುತ್ತದೆ, ನೀರು ಹಾಕೋದೂ ಸುಲಭ. ತೂಕ ಮಾತ್ರ ಗಮನದಲ್ಲಿರಲಿ. ಒಂದು ಅಡಿ ಅಗಲದ ಕುಂಡದಲ್ಲಿ ಒದ್ದೆ ಮಣ್ಣು ತುಂಬಿದರೆ 20 ಕೆಜಿ ದಾಟಬಹುದು. ಭಾರದ್ದನ್ನು ಮನೆಯ ಗೋಡೆಯ ಕಡೆಗೆ ಇಡಿ. ಪಶ್ಚಿಮದ ಗಾಜಿನ ಪಕ್ಕ ಜರೀಗಿಡದಂಥ ಮೆದು ಎಲೆಯವು ಸುಟ್ಟುಹೋಗುತ್ತವೆ, ಅಲ್ಲಿಗೆ ದಪ್ಪ ಎಲೆಯ ಗಿಡಗಳೇ ಸರಿ. ಪರಿಮಳಕ್ಕೆ ಮಲ್ಲಿಗೆ. ಸಂಜೆಗೇ ಅರಳುತ್ತದೆ, ಕೂಟದ ಹೊತ್ತಿಗೆ ಸರಿಯಾಗಿ. ರಾತ್ರಿರಾಣಿಯ ವಾಸನೆ ತೋಟದಲ್ಲಿ ಹಿತ, ಮುಚ್ಚಿದ ಜಾಗದಲ್ಲಿ ತಲೆನೋವು ತರುವಷ್ಟು ಗಾಢ. ಪ್ಲಾಸ್ಟಿಕ್ ಗಿಡ ಬೇಡ ಅಂತ ನಾನು ಹೇಳುವುದಿಲ್ಲ, ಆದರೆ ಧೂಳು ಹೊಡೆಯದಿದ್ದರೆ ಅದು ಬಾಡಿದ ಗಿಡಕ್ಕಿಂತ ಕೆಟ್ಟದಾಗಿ ಕಾಣುತ್ತದೆ.

ಸೊಳ್ಳೆಗೆ ಜಾಲರಿ, ಫ್ಯಾನ್, ಬತ್ತಿ, ಮೈಗೆ ಹಚ್ಚುವ ಕ್ರೀಮ್ ಹೀಗೆ ಹಲವು ದಾರಿಗಳಿವೆ. ಜಾಲರಿಗೆ ಮೊದಲ ಸ್ಥಾನ. ಎರಡನೆಯದು ಫ್ಯಾನ್. ಸೊಳ್ಳೆ ಹಾರುವುದರಲ್ಲಿ ದುರ್ಬಲ, ಜೋರು ಗಾಳಿಯಲ್ಲಿ ಮೈಮೇಲೆ ಇಳಿಯೋಕೆ ಆಗುವುದಿಲ್ಲ. ಕಚ್ಚುವುದು ಹೆಚ್ಚಾಗಿ ಪಾದಕ್ಕೆ, ಹಾಗಾಗಿ ಒಂದು ಪುಟ್ಟ ಫ್ಯಾನ್ ಬೆಂಚಿನ ಕೆಳಗೆ ಕಾಲಿನ ಕಡೆ ಬೀಸುತ್ತಿರಲಿ. ಸುರುಳಿ ಬತ್ತಿ ಮುಚ್ಚಿದ ಬಾಲ್ಕನಿಗೆ ಬೇಡವೇ ಬೇಡ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಂದು ಸುರುಳಿ ಉರಿದಾಗ ಗಾಳಿಗೆ ಸೇರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟು ಸುಟ್ಟಾಗ ಬರುವಷ್ಟು. ಪಕ್ಕದಲ್ಲಿ ಮಗು ಕೂತಿರುತ್ತದೆ, ಯೋಚಿಸಿ.

ಬಡಿಸುವುದು, ಮತ್ತೆ ಸದ್ದು

ಎಲ್ಲ ಪಾತ್ರೆಗಳನ್ನೂ ಬಾಲ್ಕನಿಗೇ ತಂದು ಜೋಡಿಸುವುದೋ, ಒಳಗೆ ಬಡಿಸಿಕೊಂಡು ತಟ್ಟೆ ಹಿಡಿದು ಬರುವುದೋ? ಆರು ಜನರೊಳಗಿದ್ದರೂ ನಾನು ಎರಡನೆಯದನ್ನೇ ಹೇಳುತ್ತೇನೆ. ಬಿಸಿ ಪಾತ್ರೆಗಳ ಶಾಖ ಒಳಗೇ ಉಳಿಯುತ್ತದೆ, ದೊಡ್ಡ ಮೇಜಿನ ಜಾಗ ಉಳಿಯುತ್ತದೆ. ಬಾಲ್ಕನಿಯಲ್ಲಿ ನೀರು, ಹಣ್ಣು, ತಣ್ಣನೆಯ ಪಾನೀಯ ಇದ್ದರೆ ಸಾಕು. ಇನ್ನೊಂದು ಕಾರಣ ಆರೋಗ್ಯದ್ದು. ಮಾಡಿದ ಅಡುಗೆಯನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಗಾಜಿನ ಬಾಲ್ಕನಿಯಲ್ಲಿ ಸಂಜೆ ಏಳಕ್ಕೂ 32 ಇರುವುದು ಅಪರೂಪ ಅಲ್ಲ.

ತಟ್ಟೆ ಇಡೋಕೆ ಮಧ್ಯದಲ್ಲಿ ಒಂದು ಟೀಪಾಯಿ ಇಟ್ಟರೆ ಎಲ್ಲರೂ ಅದನ್ನು ದಾಟಿಕೊಂಡೇ ಓಡಾಡಬೇಕು. ಗೋಡೆಗೆ ಮಡಚುವ ಹಲಗೆ, ಇಲ್ಲವೇ ಇಬ್ಬರಿಗೊಂದರಂತೆ ಚಿಕ್ಕ ಸ್ಟೂಲ್ ವಾಸಿ. ಲೋಟ ಸ್ಟೀಲಿನದಾಗಲಿ. ಟೈಲ್ಸ್ ನೆಲ, ಮಂದ ಬೆಳಕು, ಬರಿಗಾಲು ಈ ಮೂರೂ ಇರುವ ಕಡೆ ಗಾಜಿನ ಲೋಟ ಒಡೆದರೆ ಆ ಸಂಜೆ ಅಲ್ಲಿಗೇ ಮುಗಿಯಿತು.

ಹಾಡು ಬೇಕು ಅನ್ನುವವರು ಒಂದು ದೊಡ್ಡ ಸ್ಪೀಕರಿನ ಬದಲು ಎರಡು ಚಿಕ್ಕವನ್ನು ಎರಡು ತುದಿಗೆ ಇಡಿ. ಸದ್ದು ಕಡಿಮೆ ಇಟ್ಟರೂ ಎಲ್ಲರಿಗೂ ಕೇಳುತ್ತದೆ. ಗಾಜು ಮತ್ತು ಟೈಲ್ಸ್ ಸದ್ದನ್ನು ಹಿಂದಕ್ಕೆ ಎಸೆಯುತ್ತವೆ. ಅದಕ್ಕೇ ಬರಿ ಬಾಲ್ಕನಿಯಲ್ಲಿ ಆರು ಜನ ಮಾತಾಡಿದರೆ ಹನ್ನೆರಡು ಜನ ಇದ್ದಂತೆ ಕೇಳುತ್ತದೆ. ಜಮಖಾನ, ದಿಂಬು, ಬಟ್ಟೆಯ ಪರದೆ ಇದ್ದರೆ ಗದ್ದಲ ಇಳಿಯುತ್ತದೆ. ಸ್ಪೀಕರನ್ನು ಗಾಜಿಗೆ ಅಥವಾ ಗೋಡೆಗೆ ತಾಗಿಸಬೇಡಿ, ದಿಂಬಿನ ಮೇಲೆ ಇಟ್ಟರೆ ಕೆಳಗಿನ ಮನೆಯವರಿಗೆ ದುಡುಂ ದುಡುಂ ಕೇಳುವುದಿಲ್ಲ.

ರಾತ್ರಿ ತಡವಾದಾಗ ಪಕ್ಕದ ಮನೆಯವರಿಗೆ ತೊಂದರೆ ಆಗಬಾರದು ಅಂತ ಗಾಜು ಮುಚ್ಚಿಕೊಂಡು ಮಾತು ಮುಂದುವರಿಸುವವರಿದ್ದಾರೆ. ಗಾಳಿ ನಿಂತ ಹತ್ತೇ ನಿಮಿಷದಲ್ಲಿ ಎಲ್ಲರ ಹಣೆಯಲ್ಲಿ ಬೆವರು, ಒಬ್ಬೊಬ್ಬರೇ ಎದ್ದು ಹೊರಡುತ್ತಾರೆ. ಆ ಹೊತ್ತಿಗೆ ಹಾಡು ನಿಲ್ಲಿಸಿ, ಎಲ್ಲರನ್ನೂ ಒಳಗೆ ಕರೆದುಕೊಂಡು ಹೋಗಿ. ಬಾಲ್ಕನಿಯ ಬಾಗಿಲು ಮುಚ್ಚಿ, ಹೊರಗಿನ ಗಾಜು ಮಾತ್ರ ತೆರೆದೇ ಇರಲಿ. ಕಳ್ಳರ ಭಯ, ಮಳೆಯ ಸೂಚನೆ ಇಲ್ಲದಿದ್ದರೆ ರಾತ್ರಿಯಿಡೀ ಹಾಗೇ ಬಿಡಿ. ನೆಲ, ಗೋಡೆ ಪೂರ್ತಿ ತಣಿದರೆ ಮರುದಿನದ ಸಂಜೆಯೂ ಅಷ್ಟರ ಮಟ್ಟಿಗೆ ಹಗುರವಾಗಿರುತ್ತದೆ.